ಬೀದಿ ದಾಟಿಸಿದ ಬಡ್ಡಿ

ನಾಯಿಯ ನಿಯತ್ತಿನ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಸಮಯ ಬಂದಾಗ ಒಡೆಯನ ಅಪ್ಪಣೆಯನ್ನು ಮೀರುವುದೇ ನಾಯಿಯ ಕರ್ತವ್ಯವೆಂದು ಕಲಿಸುವ ಶಾಲೆಗಳಿವೆಯೆಂದರೆ ಓದುಗರು ಹುಬ್ಬೇರಿಸಿಯಾರು. ಅಂಧರ ಸಂಗಡ ನಡೆಯುವ ನಾಯಿಗಳ ಶಾಲೆಗಳು ಅವು.

ಇಂಥ ಶಾಲೆ ಕ್ರಮಬದ್ಧವಾಗಿ ಆರಂಭವಾದುದು 1916ರಲ್ಲಿ, ಜರ್ಮನಿಯ ಓಲ್ಡೆನ್‌ಬುರ್ಗ್ ಪಟ್ಟಣದಲ್ಲಿ; ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ತೆತ್ತು ಮರಳಿದ ಯೋಧರಿಗಾಗಿ. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ ಪೊಲೀಸರ ಕೆಲಸಕ್ಕೆ ಜರ್ಮನ್ ಶೆಫರ್ಡ್ ನಾಯಿಗಳನ್ನು ಪಳಗಿಸುತ್ತಿದ್ದರು. ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಅಂಧರ ನಾಯಿಗಳ ಶಾಲೆಯನ್ನು ಕಂಡು ಬೆರಗಾದ ಆಕೆ, 1927ರ ನವೆಂಬರಿನಲ್ಲಿ ತಮ್ಮ ದೇಶದ ವಾರಪತ್ರಿಕೆಯೊಂದರಲ್ಲಿ ಅದನ್ನು ಕುರಿತು ಬರೆದರು. ಟೆನೆಸಿಯ ನ್ಯಾಶ್ವಿಲ್ ನಗರದಲ್ಲಿ ತಂದೆಯೊಬ್ಬರು ಆ ಲೇಖನವನ್ನು ಮಗನಿಗೆ ಓದಿ ಹೇಳಿದರು.

ಮಗನ ಹೆಸರು ಮಾರಿಸ್ ಫ್ರಾಂಕ್. ಆರನೆಯ ವಯಸ್ಸಿನಲ್ಲಿ ಒಂದು ಕಣ್ಣು, ಹದಿನಾರರಲ್ಲಿ ಇನ್ನೊಂದು ಹೋಗಿದ್ದವು. ಕೈಹಿಡಿದು ನಡೆಸಲು ಸಂಬಳದ ಹುಡುಗನೊಬ್ಬನಿದ್ದ. ಅವನಿಗೆ ಬೇಸರವಾದ ದಿನ ಇವರ ದಿನವೂ ಅಲ್ಲಿಗೇ ಮುಗಿಯಿತು. ‘ನನಗೆ ಕಲಿಸಿದರೆ ಮರಳಿ ಬಂದು ಇತರರಿಗೂ ಕಲಿಸುತ್ತೇನೆ’ ಎಂಬ ಅಭಿಪ್ರಾಯದ ಕಾಗದ ಬರೆದು ಫ್ರಾಂಕ್ 1928ರಲ್ಲಿ ಹಡಗು ಹತ್ತಿದರು. ಕುರುಡನೆಂಬ ಕಾರಣಕ್ಕೆ ಆ ಯುವಕನನ್ನು ಪ್ರಯಾಣಿಕನಂತಲ್ಲ, ಪಾರ್ಸೆಲ್ಲಿನಂತೆ ಸಾಗಿಸಿದರು.

ಅಲ್ಲಿ ದೊರೆತ ಹೆಣ್ಣುನಾಯಿಗೆ ಫ್ರಾಂಕ್ ಇಟ್ಟ ಹೆಸರು ಬಡ್ಡಿ. ನಮ್ಮ ಕಿವಿಗೆ ಸಾಲದ ನೆನಪು ತರುವ ಪದ. ಅಲ್ಲಿಯ ಮಾತಿನಲ್ಲಿ ಗೆಳೆಯನೆಂದು ಅರ್ಥ.

ನಾಯಿಗೆ ದಾರಿ ಗೊತ್ತು, ಅದು ಎಳೆದೊಯ್ದಲ್ಲಿಗೆ ಮನುಷ್ಯ ಹೋಗುತ್ತಾನೆಂದು ನಾವೂ ಬಹುಕಾಲ ನಂಬಿದ್ದೆವು. ನಿಜ ಹಾಗಿಲ್ಲ. ದಾರಿಯ ನಕ್ಷೆ ಮನುಷ್ಯನ ಮನಸ್ಸಿನಲ್ಲಿರಬೇಕು. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂಬ ಅಪ್ಪಣೆ ಅವನದು. ವಾಹನಗಳ ಸದ್ದನ್ನಾಲಿಸಿ ಬೀದಿ ದಾಟುವ ಸಮಯವನ್ನು ನಿಶ್ಚಯಿಸುವವನೂ ಅವನೇ. ನಾಯಿ ದೀಪದ ಕೆಂಪು ಹಸಿರುಗಳನ್ನು ಓದುವುದಿಲ್ಲ. ಮೆಟ್ಟಿಲು ಬಂದರೆ ನಿಲ್ಲುವುದು, ಗುಂಡಿಯನ್ನು ಬಳಸಿ ನಡೆಯುವುದು, ತನಗೆ ತಾಗದಿದ್ದರೂ ಒಡೆಯನ ಹಣೆಗೆ ತಾಗುವ ಕೊಂಬೆಯನ್ನು ಲೆಕ್ಕಕ್ಕೆ ಹಿಡಿಯುವುದು ನಾಯಿಯ ಪಾಲು. ಅದರ ಮೈಗೆ ಬಿಗಿದ ಪಟ್ಟಿಯ ಗಟ್ಟಿ ಹಿಡಿಕೆಯ ಮೂಲಕ ಈ ಸೂಚನೆಗಳೆಲ್ಲ ಎಡಗೈಗೆ ತಿಳಿಯುತ್ತವೆ. ಎಲ್ಲಕ್ಕಿಂತ ಕಠಿಣ ಪಾಠ ಅವಿಧೇಯತೆ. ‘ಮುಂದಕ್ಕೆ’ ಎಂದಾಗ ಎದುರಿನಿಂದ ಮೋಟಾರು ಬರುತ್ತಿದ್ದರೆ ನಾಯಿ ಕದಲಕೂಡದು.

ಸ್ವಿಟ್ಜರ್ಲೆಂಡಿನಲ್ಲೇ ಒಮ್ಮೆ ಫ್ರಾಂಕ್ ಕ್ಷೌರದಂಗಡಿಗೆ ಕರೆದೊಯ್ಯಲು ಯಾರನ್ನಾದರೂ ಕಳುಹಿಸಿರೆಂದು ಕೇಳಿದರಂತೆ. ನಾಯಿ ಇದೆಯಲ್ಲ ಎಂಬ ಉತ್ತರ ಬಂತು. ಹೋಗಿಬಂದರು. ಕಣ್ಣುಳ್ಳ ನಮಗೆ ಕ್ಷೌರವೆಂದರೆ ಒಂದು ಬೇಸರದ ಕೆಲಸ. ಯಾರ ಕೈಯನ್ನೂ ಕಾಯದೆ ಅದನ್ನು ಮುಗಿಸಿ ಬಂದವನ ಸಂತೋಷವನ್ನು ನಾವು ಊಹಿಸಬೇಕಷ್ಟೆ.

ಆ ಜೂನಿನಲ್ಲಿ ನ್ಯೂಯಾರ್ಕಿಗೆ ಮರಳಿದಾಗ ಪತ್ರಿಕೆಯವರು ಸವಾಲೊಡ್ಡಿದರು. ವಾಹನಗಳು ಭೋರ್ಗರೆಯುವ ವೆಸ್ಟ್ ಸ್ಟ್ರೀಟನ್ನು ಬಡ್ಡಿಯೊಡನೆ ಫ್ರಾಂಕ್ ದಾಟಿದರು. ಯೂಸ್ಟಿಸ್ ಅವರಿಗೆ ಒಂದೇ ಪದದ ತಂತಿ ಹೋಯಿತು: ‘ಯಶಸ್ಸು’. 1929ರ ಜನವರಿಯಲ್ಲಿ ನ್ಯಾಶ್ವಿಲ್ಲಿನಲ್ಲಿ ಇಬ್ಬರೂ ಕೂಡಿ ತೆರೆದ ಶಾಲೆ ಮುಂದೆ ನ್ಯೂಜೆರ್ಸಿಗೆ ಹೋಯಿತು. ಇಂದಿಗೂ ಅಲ್ಲಿಯ ಮಾರಿಸ್‌ಟೌನಿನಲ್ಲಿ ನಡೆಯುತ್ತಿದೆ. ಬೀದಿ ದಾಟುವುದಕ್ಕಿಂತ ಬಾಗಿಲು ದಾಟುವುದು ಕಷ್ಟವಾಗಿತ್ತು. ಹೋಟೆಲು, ರೈಲುಗಳು ನಾಯಿಯನ್ನು ಒಳಗೆ ಬಿಡುತ್ತಿರಲಿಲ್ಲ; ಫ್ರಾಂಕ್ ಊರೂರು ಸುತ್ತಿ ವಾದಿಸಿದರು.

ನಮ್ಮ ಪೇಟೆಗಳಲ್ಲಿ ಅಂಧರಿಗೆ ಇಂದಿಗೂ ಬಿಳಿಕೋಲೇ ಆಸರೆ. ಕೋಲಿನ ತುದಿ ಹಿಡಿದೆಳೆಯುವ ಉಪಕಾರ ಬೇಡ. ಬೇಕೇ ಎಂದು ಕೇಳಿ, ನಮ್ಮ ಮೊಣಕೈಯನ್ನು ಅವರೇ ಹಿಡಿಯುವಂತೆ ನೀಡಿದರೆ ಸಾಕು. ಪಟ್ಟಿ ತೊಟ್ಟ ನಾಯಿ ಎಲ್ಲಾದರೂ ಎದುರಾದರೆ ಮಕ್ಕಳು ಅದನ್ನು ಸವರದಿರಲಿ, ತಿಂಡಿ ಎಸೆಯದಿರಲಿ. ಅದು ಕೆಲಸದಲ್ಲಿರುತ್ತದೆ.

ಬಡ್ಡಿ 1938ರಲ್ಲಿ ತೀರಿಕೊಂಡಿತು. 1980ರಲ್ಲಿ ಕಣ್ಮುಚ್ಚುವವರೆಗೆ ಫ್ರಾಂಕ್ ಮತ್ತೆ ಮತ್ತೆ ನಾಯಿಗಳನ್ನು ಪಡೆದರು. ಅವಕ್ಕೆಲ್ಲ ಬಡ್ಡಿಯೆಂದೇ ಹೆಸರಿಟ್ಟರು.