ಬಿಸಿಲೂರಿಗೆ ಬಂದ ಲ್ಯಾಪ್‌ಟಾಪ್

ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ 2020ರಲ್ಲಿ ಲ್ಯಾಪ್‌ಟಾಪ್ ಹಂಚಿತ್ತು. ಹತ್ತಿ ಮಾರಿದ ಹಣದಲ್ಲಿ ಮಗಳ ಓದಿಗೆಂದು ಕೊಳ್ಳುವವರೂ ಉಂಟು. ಹೇಗೇ ಬರಲಿ, ಮನೆಯ ಮೊದಲ ಕಂಪ್ಯೂಟರ್ ಅದು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅದಕ್ಕೆ ಮೊದಲ ಶತ್ರು ಬಿಸಿಲು.

ಬಹುತೇಕ ಲ್ಯಾಪ್‌ಟಾಪ್‌ಗಳು ತಯಾರಾಗುವುದು 35 ಡಿಗ್ರಿಯೊಳಗಿನ ಬಳಕೆಗೆ. ಇಲ್ಲಿನ ಬೇಸಿಗೆಯೋ, 40 ಡಿಗ್ರಿ ದಾಟುತ್ತದೆ. ಒಳಗಿನ ಲಿಥಿಯಂ ಬ್ಯಾಟರಿ ಕಾದಷ್ಟೂ ಬೇಗ ಸವೆಯುತ್ತದೆ. ಆದ್ದರಿಂದ ನಡುಮಧ್ಯಾಹ್ನ ತಗಡಿನ ಸೂರಿನಡಿ ಚಾರ್ಜಿಗೆ ಹಾಕದೆ, ಬೆಳಗಿನ ತಂಪಿನಲ್ಲಿ ಹಾಕುವುದು ಲೇಸು. ಕೌದಿಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಮೇಜು ಇಲ್ಲದಿದ್ದರೆ ಮರದ ಮಣೆ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗುವುದಂತೂ ಬೇಡ.

ಕರೆಂಟು ಹೋದರೂ ಬ್ಯಾಟರಿಯಿಂದಾಗಿ ಕೆಲಸ ನಿಲ್ಲುವುದಿಲ್ಲ. ಆದರೆ ಕರೆಂಟು ಮರಳಿ ಬರುವಾಗ ವೋಲ್ಟೇಜ್ ಏರುಪೇರಾಗಬಹುದು. ಹೋದೊಡನೆ ಚಾರ್ಜರ್ ಕಿತ್ತಿಡಿ. ಬಂದು ಐದು ನಿಮಿಷ ಕಳೆದ ಮೇಲೆ ಹಾಕಿ. ಸಿಡಿಲು ಮಳೆಯ ಸಂಜೆಗಳಲ್ಲಿಯೂ ಇದೇ ಪಾಠ.

ಕೀಲಿಮಣೆ ಉಬ್ಬಿದೆಯೇ? ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೇ? ಬ್ಯಾಟರಿ ಊದಿಕೊಂಡಿರಬಹುದು. ಒತ್ತಿ ಕೂರಿಸಲು ಹೋಗಬೇಡಿ. ತೂತು ಬಿದ್ದರೆ ಬೆಂಕಿ ಹತ್ತೀತು. ಚಾರ್ಜರ್ ತೆಗೆದು, ಯಂತ್ರ ಆರಿಸಿ, ರಿಪೇರಿ ಬಲ್ಲವರ ಕೈಗೆ ಕೊಡಿ.

ಇನ್ನೊಂದು ಮಾತು. ಟಿಪ್ಪಣಿ, ಪ್ರಾಜೆಕ್ಟ್‌ಗಳ ಪ್ರತಿಯನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿ, ಬೇರೆಡೆ ಇಡಿ. ಕೆಟ್ಟ ಬ್ಯಾಟರಿಗೆ ಬದಲಿ ಸಿಗುತ್ತದೆ. ಅಳಿಸಿಹೋದ ವರ್ಷದ ಓದಿಗೆ ಸಿಗುವುದಿಲ್ಲ.