ಎಲ್ಲರ ತೋಳೂ ಪುಸ್ತಕದ ತೋಳಲ್ಲ

ಆಂಜಿಯೋಗ್ರಾಂಗೆಂದು ಮಣಿಕಟ್ಟಿನಲ್ಲಿ ತೂರಿಸಿದ ನಳಿಗೆಯನ್ನು ಅರ್ಧಕ್ಕೇ ಹೊರತೆಗೆದ ವೈದ್ಯರು ತೊಡೆಯ ಕಡೆ ತಿರುಗಿದರೆ ಮನೆಯವರಿಗೆ ಗಾಬರಿ. ಏನೋ ಎಡವಟ್ಟಾಯಿತೇ ಎಂಬ ಅನುಮಾನ. ಎಷ್ಟೋ ಸಲ ಎಡವಟ್ಟೇನೂ ಆಗಿರುವುದಿಲ್ಲ. ಆ ತೋಳಿನ ರಕ್ತನಾಳ ಹಿಡಿದಿರುವ ದಾರಿಯೇ ಬೇರೆ.

ತೋಳಿನ ದೊಡ್ಡ ಅಪಧಮನಿ ಬ್ರೇಕಿಯಲ್. ಅದು ಮೊಣಕೈ ಮಡಿಕೆಯ ತುಸು ಕೆಳಗೆ ರೇಡಿಯಲ್, ಅಲ್ನಾರ್ ಎಂದು ಕವಲೊಡೆಯಬೇಕು. ಆದರೆ 2001ರ ಒಂದು ಶವಚ್ಛೇದನ ಅಧ್ಯಯನದಲ್ಲಿ ಸುಮಾರು ನೂರಕ್ಕೆ 14 ತೋಳುಗಳಲ್ಲಿ ರೇಡಿಯಲ್ ಇನ್ನೂ ಮೇಲೆಯೇ, ಕೆಲವದರಲ್ಲಿ ಕಂಕುಳಲ್ಲೇ, ಹುಟ್ಟಿತ್ತು. ಇಂಥ ನಾಳ ಸಪೂರವಾಗಿದ್ದರೆ ನಳಿಗೆ ತಾಗಿದಾಗ ಸೆಟೆದುಕೊಂಡು ಅದನ್ನು ಬಿಗಿಹಿಡಿಯುತ್ತದೆ. 1989ರಲ್ಲಿ ಮಾಂಟ್ರಿಯಲ್‌ನ ಲೂಸಿಯೆನ್ ಕಾಂಪೊ ಮಣಿಕಟ್ಟಿನ ದಾರಿಯನ್ನು ತೋರಿಸಿಕೊಟ್ಟ ಮೇಲೆ ಈ ಹಳೆಯ ವಿಷಯಕ್ಕೆ ಹೊಸ ಬೆಲೆ ಬಂತು.

ಹಳೆಯದೆಂದರೆ ನಿಜಕ್ಕೂ ಹಳೆಯದು. ಲಂಡನ್ನಿನ ರಿಚರ್ಡ್ ಕ್ವೇನ್ ಸಾವಿರದ ಆಸುಪಾಸು ಶವಗಳ ಅಪಧಮನಿಗಳನ್ನು ಪರೀಕ್ಷಿಸಿ, 1844ರಲ್ಲಿ ಗ್ರಂಥ ಪ್ರಕಟಿಸಿದ. ಜೋಸೆಫ್ ಮೆಕ್ಲೀಸ್ ಅದಕ್ಕೆ ಬರೆದ ಚಿತ್ರಗಳು ಇಂದಿಗೂ ಕಣ್ಣಿಗೆ ಹಬ್ಬ.

ಈ ವ್ಯತ್ಯಾಸಗಳ ಬೇರು ಗರ್ಭದಲ್ಲಿದೆ. ಭ್ರೂಣದ ಕೈಯಲ್ಲಿ ಮೊದಲಿಗೆ ಇರುವುದು ಸೂಕ್ಷ್ಮ ನಾಳಗಳ ಬಲೆ. ಗದ್ದೆಯ ಕಾಲುವೆಗಳಂತೆ: ನೀರು ಹೆಚ್ಚು ಹರಿದದ್ದು ಅಗಲವಾಗುತ್ತದೆ, ಹರಿಯದ್ದು ಹೂಳು ತುಂಬಿ ಮುಚ್ಚಿಹೋಗುತ್ತದೆ. ಮುಚ್ಚಬೇಕಾದ ಕಾಲುವೆ ಎಲ್ಲೋ ಉಳಿದುಕೊಂಡರೆ ನಕ್ಷೆಯೇ ಬದಲು.

ಹಾಗೆ ಉಳಿಯುವ ಒಂದು ನಾಳ ಮೀಡಿಯನ್ ಅಪಧಮನಿ. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 78 ಕೈಗಳನ್ನು ಪರೀಕ್ಷಿಸಿದಾಗ 26ರಲ್ಲಿ ಅದು ಸಿಕ್ಕಿತು. ಹಳೆಯ ವರದಿಗಳಿಗಿಂತ ಇದು ಹೆಚ್ಚೆಂದು ಅವರು ಹೇಳಿದ್ದೇ ತಡ, ‘ಮನುಷ್ಯ ಇನ್ನೂ ವಿಕಾಸವಾಗುತ್ತಿದ್ದಾನೆ’ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಒಂದೇ ದೇಶದ 78 ಕೈಗಳಿಂದ ಇಡೀ ಮನುಕುಲದ ಜಾತಕ ಬರೆಯುವುದು ಅವಸರವೇ ಸರಿ. ಈ ನಾಳ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರವನ್ನು ಒತ್ತಿ ಬೆರಳುಗಳಿಗೆ ಜೋಮು ಹಿಡಿಸಬಲ್ಲದು ಎಂಬುದು ಮಾತ್ರ ನಿಜ.

ಇನ್ನೂ ಅಪಾಯಕಾರಿ ಬಗೆಯೆಂದರೆ ಚರ್ಮದಡಿಯಲ್ಲೇ ಹರಿಯುವ ಅಲ್ನಾರ್. ಅಭಿಧಮನಿಯೆಂದು ತಿಳಿದು ಅದಕ್ಕೆ ಇಂಜೆಕ್ಷನ್ ಕೊಟ್ಟರೆ ಕೆಲವು ಔಷಧಗಳು ಬೆರಳುಗಳನ್ನೇ ಕೊಳೆಸಿಬಿಡಬಹುದು. ಮೊಣಕೈ ಮಡಿಕೆಯ ‘ನರ’ ಮಿಡಿಯುತ್ತಿದ್ದರೆ, ಸೂಜಿ ಚುಚ್ಚುವ ಮೊದಲೇ ನರ್ಸಮ್ಮನಿಗೆ ಹೇಳಿ. ಚುಚ್ಚಿದ ಮೇಲೆ ಬೆರಳ ತುದಿಯವರೆಗೆ ಉರಿ ಹೊಡೆದರೆ ಸುಮ್ಮನೆ ಸಹಿಸಿಕೊಳ್ಳಬೇಡಿ, ಕೂಡಲೇ ನಿಲ್ಲಿಸಲು ಹೇಳಿ.