ಮಾರ್ದನಿಯಿಂದ ಮಾತಿನೆಡೆಗೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಸಂಸ್ಥೆಯೆಂಬುದನ್ನು ಅದರ ಪರಿಚಯಪತ್ರಿಕೆಯನ್ನೋದಿದವರೆಲ್ಲ ಬಲ್ಲರು. ನಾನು ಅಲ್ಲಿಗೆ ಹೋದುದಾದರೋ, ಮಾತು ಬಾರದ ಶಿಶುವಿನೆದುರು ಚಿಕಿತ್ಸಕಿಯೊಬ್ಬರು ಶಿಷ್ಯೆಯಂತೆ ಕುಳಿತು, ಅದು ಮಾಡಿದುದನ್ನೇ ತಾವೂ ಮಾಡುವರೆಂಬ ಸುದ್ದಿಯನ್ನು ಕೇಳಿ.

ಆಟಿಸಂ ಇದೆಯೆಂದು ನಿರ್ಣಯವಾಗಿದ್ದ, ಇನ್ನೂ ಮೂರು ತುಂಬದ ಬಾಲಕ ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ಗಿರ್ರನೆ ತಿರುಗಿಸುತ್ತಿದ್ದ. ಚಿಕಿತ್ಸಕಿಯೂ ಅಂಥದೇ ಮುಚ್ಚಳವನ್ನು ತಿರುಗಿಸಿದರು. ಅವನು ನಿಲ್ಲಿಸಿದಾಗ ನಿಲ್ಲಿಸಿದರು. 'ಗಾ' ಎಂದಾಗ ತಾವೂ 'ಗಾ' ಎಂದರು. ಬಹಳ ಹೊತ್ತು ಹೀಗೆಯೇ ನಡೆದ ಬಳಿಕ ಬಾಲಕ ಮುಚ್ಚಳವನ್ನು ಬಿಟ್ಟು, ಅವರ ಮುಖವನ್ನು ದಿಟ್ಟಿಸಿ, ಮತ್ತೊಮ್ಮೆ 'ಗಾ' ಎಂದು, ಉತ್ತರಕ್ಕಾಗಿ ಕಾದ.

ಸಾಮಾನ್ಯವಾಗಿ ಶಿಶುಗಳು ಮೊದಲ ವರ್ಷ ಮುಗಿಯುವ ಹೊತ್ತಿಗೆ ಕೈಬೀಸುವುದನ್ನೂ ಚಪ್ಪಾಳೆಯನ್ನೂ ದನಿಯನ್ನೂ ಅನುಕರಿಸುತ್ತ, ಮಾತಿನ ಸರದಿಯನ್ನು ಅದರಿಂದಲೇ ಕಲಿಯುತ್ತವೆ. ಆಟಿಸಂ ಇರುವ ಅನೇಕ ಶಿಶುಗಳಲ್ಲಿ ಈ ಅನುಕರಣ ವಿರಳ ಅಥವಾ ವಿಳಂಬ; ಆದುದರಿಂದಲೇ ದೊಡ್ಡವರು ಮೊದಲು ಅನುಕರಿಸಿ ದಾರಿ ತೆರೆಯುವುದು.

ಇನ್ನು ಕೆಲವರಲ್ಲಿ ಅನುಕರಣವೇ ಅತಿಯಾದಂತೆ ತೋರುವುದುಂಟು. 'ಹಾಲು ಬೇಕಾ, ಪುಟ್ಟಾ?' ಎಂದು ತಾಯಿ ನಿತ್ಯವೂ ಕೇಳುವುದನ್ನು ಹಿಡಿದಿಟ್ಟುಕೊಂಡ ಮಗು, ಹಸಿದಾಗ ತಾನೇ 'ಹಾಲು ಬೇಕಾ, ಪುಟ್ಟಾ?' ಎನ್ನುತ್ತದೆ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಪ್ರಕಟಿಸಿದ, ಆಟಿಸಂ ಇದ್ದ 11 ಮಕ್ಕಳ ವೃತ್ತಾಂತದಲ್ಲಿಯೂ ಇಂತಹ ಮಾರ್ದನಿಯ ಉಲ್ಲೇಖವಿದೆ. ಅರ್ಥಶೂನ್ಯವೆಂದು ಬಹುಕಾಲ ಅಡಗಿಸಲೆತ್ನಿಸಿದ ಇದು ಎಷ್ಟೋ ಸಲ ಸಾಭಿಪ್ರಾಯವಾದ ನುಡಿಯೇ ಎಂಬುದನ್ನು 1980ರ ದಶಕದಲ್ಲಿ ವಾಕ್ ಚಿಕಿತ್ಸಕ ಬ್ಯಾರಿ ಪ್ರಿಝಂಟ್ ಮೊದಲಾದವರು ತೋರಿಸಿಕೊಟ್ಟರು.

'ಬೈಬೇಡಿ ಅಮ್ಮಾ, ಅವನು ಕೇಳ್ತಾ ಇದಾನೆ. ಲೋಟ ಕೊಡೋವಾಗ, ಅವನ ಬಾಯಲ್ಲಿ ಹೇಗೆ ಬರಬೇಕೋ ಹಾಗೆ ನೀವೇ "ಹಾಲು ಬೇಕು" ಅನ್ನಿ,' ಎಂದು ಚಿಕಿತ್ಸಕಿ ಅಂಥ ಮಗುವೊಂದರ ತಾಯಿಗೆ ಹೇಳಿಕೊಟ್ಟರು. ಎಲ್ಲ ಮಕ್ಕಳಿಗೂ ಮಾತು ಬಂದೇ ಬರುವುದೆಂದು ಅವರು ಯಾರಿಗೂ ಭರವಸೆ ಕೊಡುವುದಿಲ್ಲ. ಸನ್ನೆಯೂ ಚಿತ್ರವೂ ಸಂವಹನವೇ ಎಂಬುದು ಅವರ ನಿಲುವು.

ಚಿಕಿತ್ಸಾಲಯದ ಅಲ್ಪಾವಧಿಯಲ್ಲಿ ಬಿತ್ತಿದುದು ಮನೆಯ ಊಟ, ಸ್ನಾನ, ಆಟಗಳ ನಡುವೆ ಬೆಳೆಯಬೇಕು. ದೂರದ ಜಿಲ್ಲೆಗಳಿಂದ ದುಡಿಮೆ ಬಿಟ್ಟು ಬರುವ ತಂದೆತಾಯಿಯರಿಗೆ ಆ ಪುರುಸೊತ್ತೆಲ್ಲಿಯದು? ಹಾಗೆಂದು ಲಾಲನೆಯ ಕೊರತೆಯಿಂದ ಆಟಿಸಂ ಬರುವುದಿಲ್ಲ. ಹಿಂದಿನ ಕೂಡುಕುಟುಂಬವು ಅದನ್ನು ತಡೆಯುತ್ತಲೂ ಇರಲಿಲ್ಲ. ಆದರೂ ಈ ಕಲಿಕೆ ಬೇಡುವುದು ಯಾವ ದುಬಾರಿ ಯಂತ್ರವನ್ನೂ ಅಲ್ಲ, ಹೊತ್ತಿನ ಪರಿವೆಯಿಲ್ಲದೆ ಮಗುವಿನೊಡನೆ ನೆಲದ ಮೇಲೆ ಕೂರಬಲ್ಲ ಹಿರಿಯರೊಬ್ಬರನ್ನು. ನಮ್ಮ ಮನೆಗಳಲ್ಲಿ ಈಗ ದುರ್ಲಭರಾಗಿರುವವರೂ ಅವರೇ.